ವಿಸಿಡಿಗಿಂತ ಮೊದಲು ಮನೆಗೆ ಬಂದ ವಿಡಿಯೊ ಡಿಸ್ಕ್‌ಗಳು ಯಾವುವು? ಅವು ನಮ್ಮ ಕೊಡಗನ್ನು ಏಕೆ ತಲುಪಲಿಲ್ಲ?

ಗೋಣಿಕೊಪ್ಪದ ಓದುಗಿ:
ಎಲ್ಲರಿಗೂ ನಮಸ್ಕಾರ. ಮನೆಯೊಳಗೆ ಸಿನಿಮಾ ಬಂದ ಬಗೆಯನ್ನು ಮಕ್ಕಳಿಗೆ ತೋರಿಸಲು ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಸಣ್ಣ ಪ್ರದರ್ಶನ ಏರ್ಪಡಿಸುತ್ತಿದ್ದೇವೆ. ವಿಸಿಆರ್ (ವಿಡಿಯೊ ಕ್ಯಾಸೆಟ್ ನೋಡುವ, ರೆಕಾರ್ಡ್ ಮಾಡುವ ಯಂತ್ರ), ಬೂಷ್ಟು ಹಿಡಿದ ಕ್ಯಾಸೆಟ್‌ಗಳು, ಸಿಡಿ ಗಾತ್ರದ ಸಿನಿಮಾ ಡಿಸ್ಕ್ ಹಾಕುವ ವಿಸಿಡಿ ಪ್ಲೇಯರ್ ಎಲ್ಲವೂ ಸಿಕ್ಕಿವೆ, ಆದರೆ ಫಲಕ ಬರೆಯಲು ಕುಳಿತಾಗ ವಾದ ಎದ್ದಿದೆ. ‘ಮೊದಲು ಕ್ಯಾಸೆಟ್, ಆಮೇಲೆ ಡಿಸ್ಕ್’ ಎಂದು ಬರೆದರೆ ಸಾಕು ಎಂಬುದು ಸಮಿತಿಯ ಹೆಚ್ಚಿನವರ ಅಭಿಪ್ರಾಯ. ಸಿದ್ದಾಪುರದ ಕಡೆಯ ಒಂದು ತೋಟದ ಮನೆಯವರು ಕೊಟ್ಟ ಪೆಟ್ಟಿಗೆಯಲ್ಲಿ ಎಲ್‌ಪಿ ರೆಕಾರ್ಡಿನಷ್ಟು ಅಗಲದ, ಎರಡೂ ಬದಿ ಬೆಳ್ಳಿಯ ಬಣ್ಣದ ಒಂದು ತಟ್ಟೆ ಇದೆ. ಅದರ ಹೊದಿಕೆಯ ಮೇಲೆ 1981 ಎಂದು ಅಚ್ಚಾಗಿದೆ. ಆ ವರ್ಷ ನಮ್ಮ ಜಿಲ್ಲೆಯ ಬಹುಪಾಲು ಮನೆಗಳಲ್ಲಿ ಟಿವಿಯೇ ಇರಲಿಲ್ಲ. ಹಾಗಾದರೆ ಡಿಸ್ಕಿನ ಚರಿತ್ರೆ ಎಲ್ಲಿಂದ ಆರಂಭವಾಗುತ್ತದೆ, ನಡುವೆ ಬಂದ ಯಂತ್ರಗಳು ಏನಾದವು ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ. ಮಕ್ಕಳ ಮುಂದೆ ಅರ್ಧ ಸತ್ಯವನ್ನು ಇಡಲು ನನಗೆ ಮನಸ್ಸಿಲ್ಲ.

ಮಡಿಕೇರಿಯ ರೇಡಿಯೊ ಮೇಷ್ಟ್ರು:
ಒಳ್ಳೆಯ ಪ್ರಶ್ನೆ ಕೇಳಿದ್ದೀರಿ ತಂಗಿ. ನಿಮ್ಮ ಕೈಗೆ ಸಿಕ್ಕಿರುವುದು ಲೇಸರ್‌ಡಿಸ್ಕ್. ಅದರ ವ್ಯಾಸ 30 ಸೆಂಟಿಮೀಟರ್. ಅಕ್ರಿಲಿಕ್ಕಿನ ಎರಡು ತಟ್ಟೆಗಳ ಒಳಮೈಗೆ ಅಲ್ಯೂಮಿನಿಯಂ ಲೇಪಿಸಿ, ಅವೆರಡನ್ನೂ ಅಂಟಿನಿಂದ ಜೋಡಿಸಿ ಅದನ್ನು ಮಾಡುತ್ತಿದ್ದರು.

ಆದರೆ ಚರಿತ್ರೆ ಅದಕ್ಕಿಂತ ಬಹಳ ಹಿಂದೆ ಹೋಗುತ್ತದೆ. ಟೆಲಿವಿಷನ್ನಿನ ಆದ್ಯರಲ್ಲಿ ಒಬ್ಬರಾದ ಜಾನ್ ಲೋಗಿ ಬೇರ್ಡ್ 1927ರಲ್ಲಿಯೇ ತಮ್ಮ 30 ಗೆರೆಗಳ ಚಿತ್ರವನ್ನು ಗ್ರಾಮಫೋನ್ ತಟ್ಟೆಯ ಮೇಲೆ ಕೊರೆಯಿಸಿದ್ದರು. ಅದಕ್ಕೆ ಅವರು ಇಟ್ಟ ಹೆಸರು ಫೋನೊವಿಷನ್. ಮನೆಗೆಂದೇ ತಯಾರಾಗಿ ಅಂಗಡಿಗೆ ಬಂದ ಪೂರ್ಣ ಪ್ರಮಾಣದ ಮೊದಲ ವ್ಯವಸ್ಥೆ ಮಾತ್ರ ಜರ್ಮನಿಯ ಟೆಲಿಫುಂಕೆನ್ ಮತ್ತು ಇಂಗ್ಲೆಂಡಿನ ಡೆಕ್ಕಾ ಕೂಡಿ ರೂಪಿಸಿದ ಟೆಡ್. 1970ರ ಜೂನ್‌ನಲ್ಲಿ ಬರ್ಲಿನ್ನಿನಲ್ಲಿ ಅದರ ಪ್ರದರ್ಶನ ನಡೆಯಿತು, 1975ರ ಮಾರ್ಚ್‌ನಲ್ಲಿ ಜರ್ಮನಿಯ ಅಂಗಡಿಗಳಲ್ಲಿ ಮಾರಾಟ ಆರಂಭವಾಯಿತು. ತೆಳುವಾದ, ಬಗ್ಗುವ ಪ್ಲಾಸ್ಟಿಕ್ ಹಾಳೆಯಂತಹ ಆ ತಟ್ಟೆ ನಿಮಿಷಕ್ಕೆ 1500 ಸುತ್ತು ತಿರುಗುತ್ತ ಗಾಳಿಯ ಪದರದ ಮೇಲೆ ತೇಲುತ್ತಿತ್ತು, ವಜ್ರದ ಮುಳ್ಳೊಂದು ಅದರ ಗೆರೆಗಳ ಒತ್ತಡವನ್ನು ಗ್ರಹಿಸುತ್ತಿತ್ತು. ಒಂದು ತಟ್ಟೆಯಲ್ಲಿ ಹಿಡಿಯುತ್ತಿದ್ದುದು ಸುಮಾರು 10 ನಿಮಿಷ ಮಾತ್ರ. ಒಂದು ಚಲನಚಿತ್ರ ನೋಡಲು ಹತ್ತಕ್ಕೂ ಹೆಚ್ಚು ತಟ್ಟೆ ಬದಲಿಸಬೇಕಾದರೆ ಯಾರು ಕೊಳ್ಳುತ್ತಾರೆ? ಕೆಲವೇ ವರ್ಷಗಳಲ್ಲಿ ಅದು ಮಾರುಕಟ್ಟೆಯಿಂದ ಹೋಯಿತು.

ಪೊನ್ನಂಪೇಟೆ ವಿದ್ಯಾರ್ಥಿ:
ಮೇಷ್ಟ್ರೇ, ಬೇರ್ಡ್ ಅವರ ತಟ್ಟೆಯನ್ನು ಈ ಸಾಲಿನಲ್ಲಿ ಸೇರಿಸುವುದು ಸರಿಯಲ್ಲ. ಅದನ್ನು ತಿರುಗಿಸಿ ಚಿತ್ರ ನೋಡಲು ಅವರಿಂದಲೇ ಆಗಿರಲಿಲ್ಲ.

ಮಡಿಕೇರಿಯ ರೇಡಿಯೊ ಮೇಷ್ಟ್ರು:
ಆಗ ಆಗಲಿಲ್ಲ ನಿಜ. 1980ರ ದಶಕದಲ್ಲಿ ಡೊನಾಲ್ಡ್ ಮ್ಯಾಕ್‌ಲೀನ್ ಎಂಬ ಎಂಜಿನಿಯರು ಕಂಪ್ಯೂಟರಿನ ನೆರವಿನಿಂದ ಆ ತಟ್ಟೆಗಳ ಚಿತ್ರವನ್ನು ಹೊರತೆಗೆದರು. ತಟ್ಟೆಯೊಳಗೆ ಚಿತ್ರ ಇದ್ದದ್ದು ಖಚಿತವಾದ ಮೇಲೆ ಅದನ್ನು ಚರಿತ್ರೆಯಿಂದ ಹೊರಗಿಡುವುದು ನ್ಯಾಯವಲ್ಲ. ಮನೆಯ ಯಂತ್ರಗಳ ಸಾಲಿನಲ್ಲಿ ಇಡಬೇಡಿ ಎಂದರೆ ಒಪ್ಪುತ್ತೇನೆ. ಅದಕ್ಕೆ ಬೇರೆಯದೇ ಫಲಕ ಬೇಕು.

ನಾಪೋಕ್ಲಿನ ಎಂಜಿನಿಯರು:
ಲೇಸರ್‌ಡಿಸ್ಕಿನ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ಇವತ್ತಿನ ಸಿಡಿ, ಡಿವಿಡಿಗಳೆಲ್ಲ ಆ ಬೇರಿನಿಂದಲೇ ಚಿಗುರಿದವು. ಬೆಳಕಿನಿಂದ ಓದುವ ವಿಡಿಯೊ ತಟ್ಟೆಯ ಕಲ್ಪನೆಯನ್ನು ಅಮೆರಿಕದಲ್ಲಿ ಡೇವಿಡ್ ಪಾಲ್ ಗ್ರೆಗ್ ಮುಂದಿಟ್ಟರು, ಅವರ ಹಕ್ಕುಗಳು ಎಂಸಿಎ ಕಂಪನಿಯ ಕೈ ಸೇರಿದವು. ಅತ್ತ ಹಾಲೆಂಡಿನ ಫಿಲಿಪ್ಸ್‌ನಲ್ಲಿ ಕ್ಲಾಸ್ ಕೊಂಪಾನ್ ಮತ್ತು ಪೀಟರ್ ಕ್ರಾಮರ್ ಇದೇ ದಾರಿಯಲ್ಲಿ ಸ್ವತಂತ್ರವಾಗಿ ಕೆಲಸ ಮಾಡುತ್ತಿದ್ದರು. 1972ರ ಸೆಪ್ಟೆಂಬರಿನಲ್ಲಿ ಫಿಲಿಪ್ಸ್, ಡಿಸೆಂಬರಿನಲ್ಲಿ ಎಂಸಿಎ ತಮ್ಮ ತಮ್ಮ ತಟ್ಟೆಗಳನ್ನು ತೋರಿಸಿದವು. ಜಗಳವಾಡಿ ಇಬ್ಬರೂ ಸೋಲುವುದಕ್ಕಿಂತ ಕೂಡಿ ನಡೆಯುವುದು ಮೇಲು ಎಂದು ಒಪ್ಪಂದ ಮಾಡಿಕೊಂಡು, ತಟ್ಟೆ ಎಂಸಿಎಯದು, ಯಂತ್ರ ಫಿಲಿಪ್ಸ್‌ನದು ಎಂದು ಹಂಚಿಕೊಂಡರು. 1978ರ ಡಿಸೆಂಬರಿನಲ್ಲಿ ಅಮೆರಿಕದ ಅಟ್ಲಾಂಟಾ ನಗರದಲ್ಲಿ, ಫಿಲಿಪ್ಸ್ ಒಡೆತನದ ಮ್ಯಾಗ್ನವಾಕ್ಸ್ ಹೆಸರಿನಲ್ಲಿ ಮೊದಲ ಯಂತ್ರ ಮಾರಾಟಕ್ಕೆ ಬಂತು.

ಆ ಯಂತ್ರದೊಳಗೆ ಇದ್ದದ್ದು ಈಗಿನಂತೆ ಅಕ್ಕಿಕಾಳಿನ ಗಾತ್ರದ ಲೇಸರ್ ಅಲ್ಲ. ಹೀಲಿಯಂ ಮತ್ತು ನಿಯಾನ್ ಅನಿಲ ತುಂಬಿದ ಗಾಜಿನ ಕೊಳವೆ ಮತ್ತು ಅದಕ್ಕೆ ಬೇಕಾದ ಹೆಚ್ಚು ವೋಲ್ಟೇಜಿನ ಸರ್ಕ್ಯೂಟು ಅದರಲ್ಲಿ ಇದ್ದವು. ಹೀಗಾಗಿ ಯಂತ್ರ ಭಾರವಾಗಿತ್ತು, ಬಿಸಿಯಾಗುತ್ತಿತ್ತು, ದುಬಾರಿಯೂ ಆಗಿತ್ತು. ಈಗಿನಂತಹ ಸಣ್ಣ ಅರೆವಾಹಕ ಲೇಸರ್ ಇರುವ ಮನೆಬಳಕೆಯ ಯಂತ್ರವನ್ನು ಪಯೊನಿಯರ್ ತಂದದ್ದು 1984ರಲ್ಲಿ. ತಟ್ಟೆಗಳಲ್ಲಿ ಎರಡು ಬಗೆ ಇದ್ದವು. ಒಂದು ಬಗೆಯದು ಸದಾ ಒಂದೇ ವೇಗದಲ್ಲಿ, ಅಮೆರಿಕದ ಪದ್ಧತಿಯಲ್ಲಿ ನಿಮಿಷಕ್ಕೆ 1800 ಸುತ್ತು, ತಿರುಗುತ್ತಿತ್ತು. ಅದರ ಒಂದು ಬದಿಯಲ್ಲಿ 30 ನಿಮಿಷ, ಅಂದರೆ 54,000 ಚೌಕಟ್ಟುಗಳು (ಒಂದೊಂದೂ ಒಂದು ಸ್ಥಿರಚಿತ್ರ) ಹಿಡಿಯುತ್ತಿದ್ದವು ಮತ್ತು ಸುತ್ತಿಗೆ ಒಂದೇ ಚೌಕಟ್ಟು ಇದ್ದುದರಿಂದ ಬೇಕಾದ ಚೌಕಟ್ಟನ್ನು ಅಲುಗದಂತೆ ನಿಲ್ಲಿಸಿ ನೋಡಬಹುದಾಗಿತ್ತು. ಇನ್ನೊಂದು ಬಗೆಯದರಲ್ಲಿ ಓದುವ ಬಿಂದು ಹೊರಗೆ ಸರಿದಂತೆ ವೇಗ 1800ರಿಂದ 600ಕ್ಕೆ ಇಳಿಯುತ್ತಿತ್ತು, ಒಂದು ಬದಿಯಲ್ಲಿ 60 ನಿಮಿಷ ಹಿಡಿಯುತ್ತಿತ್ತು.

ಸೋಮವಾರಪೇಟೆಯ ಬೆಳೆಗಾರ:
ಇಷ್ಟೆಲ್ಲ ವಿವರ ಬೇಕಿಲ್ಲ. ಡಿಸ್ಕಿನಲ್ಲಿ ರೆಕಾರ್ಡ್ ಮಾಡಲು ಆಗುತ್ತಿರಲಿಲ್ಲ, ಕ್ಯಾಸೆಟ್ಟಿನಲ್ಲಿ ಆಗುತ್ತಿತ್ತು. ಡಿಸ್ಕ್ ಸೋತದ್ದಕ್ಕೆ ಅದೊಂದೇ ಕಾರಣ.

ವಿರಾಜಪೇಟೆಯ ಕ್ಯಾಸೆಟ್ ಅಂಗಡಿಯವರು:
ಅಣ್ಣ, ಇದನ್ನು ನಾನು ಒಪ್ಪಲಾರೆ. ನಾನು ವರ್ಷಗಟ್ಟಲೆ ವಿಡಿಯೊ ಲೈಬ್ರರಿ ನಡೆಸಿದವನು. ನಮ್ಮಲ್ಲಿ ವಿಸಿಆರ್ ಇದ್ದವರಲ್ಲಿ ಟಿವಿಯಿಂದ ರೆಕಾರ್ಡ್ ಮಾಡಿಕೊಳ್ಳುತ್ತಿದ್ದವರು ತೀರ ಕಡಿಮೆ. ಗುಡ್ಡದ ಹಿಂದಿನ ಊರುಗಳಲ್ಲಿ ಎತ್ತರದ ಆಂಟೆನಾ ಹಾಕಿ ಬೂಸ್ಟರ್ ಜೋಡಿಸಿದರೂ ದೂರದರ್ಶನದ ಚಿತ್ರದಲ್ಲಿ ಚುಕ್ಕೆಗಳೇ ಹೆಚ್ಚಾಗಿದ್ದಾಗ ಏನನ್ನು ರೆಕಾರ್ಡ್ ಮಾಡಿಕೊಳ್ಳಬೇಕಿತ್ತು? ಜನ ಬಂದದ್ದು ಬಾಡಿಗೆಗೆ. ಪುತ್ತರಿ ಹಬ್ಬಕ್ಕೆ ನೆಂಟರು ಸೇರಿದಾಗ ಟಿವಿ, ಕ್ಯಾಸೆಟ್ ತೋರಿಸುವ ವಿಸಿಪಿ ಯಂತ್ರ ಮತ್ತು ಮೂರು ನಾಲ್ಕು ಕ್ಯಾಸೆಟ್‌ಗಳನ್ನು ಒಟ್ಟಿಗೆ ಒಂದು ರಾತ್ರಿಗೆ ಒಯ್ದು ಬೆಳಗಿನವರೆಗೆ ನೋಡುತ್ತಿದ್ದರು. ವಿಸಿಪಿಯಲ್ಲಿ ರೆಕಾರ್ಡ್ ಮಾಡುವ ಸೌಲಭ್ಯವೇ ಇರಲಿಲ್ಲ ಎಂಬುದನ್ನು ಗಮನಿಸಿ. ಹಾಗಿದ್ದೂ ಅದು ಮನೆಮನೆಗೆ ಹೋಯಿತು. ಗೆದ್ದದ್ದು ಬಾಡಿಗೆಯ ವ್ಯವಸ್ಥೆ.

ಸೋಮವಾರಪೇಟೆಯ ಬೆಳೆಗಾರ:
ನೀವು ಹೇಳುತ್ತಿರುವುದು ನಮ್ಮ ಜಿಲ್ಲೆಯ ಕಥೆ. ಸೋಲು ನಿರ್ಧಾರವಾದದ್ದು ಅಮೆರಿಕದಲ್ಲಿ. ಅಲ್ಲಿ ಜನ ತಮಗೆ ಬಿಡುವಾದಾಗ ನೋಡಲೆಂದು ಟಿವಿ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡುತ್ತಿದ್ದರು. ಅದಕ್ಕಾಗಿಯೇ ಅಲ್ಲವೇ ಸೋನಿಯ ಮೇಲೆ ಮೊಕದ್ದಮೆ ಆದದ್ದು?

ನಾಪೋಕ್ಲಿನ ಎಂಜಿನಿಯರು:
ಮೊಕದ್ದಮೆಯ ಮಾತು ಬಂದದ್ದು ಒಳ್ಳೆಯದಾಯಿತು, ಏಕೆಂದರೆ ಈ ಚರಿತ್ರೆಯ ಬಹು ಮುಖ್ಯ ಕೊಂಡಿ ಅದೇ. ಸೋನಿ ಕಂಪನಿ ಬೀಟಾಮ್ಯಾಕ್ಸ್ ಎಂಬ ಕ್ಯಾಸೆಟ್ ರೆಕಾರ್ಡರ್ ತಂದದ್ದು 1975ರಲ್ಲಿ. ಮರುವರ್ಷವೇ ಯೂನಿವರ್ಸಲ್ ಮತ್ತು ಡಿಸ್ನಿ ಸಂಸ್ಥೆಗಳು ಅದರ ಮೇಲೆ ದಾವೆ ಹೂಡಿದವು. ಯೂನಿವರ್ಸಲ್‌ನ ಒಡೆಯ ಯಾರು? ಲೇಸರ್ ತಟ್ಟೆಯನ್ನು ಮಾರುಕಟ್ಟೆಗೆ ತರಲು ಸಿದ್ಧವಾಗುತ್ತಿದ್ದ ಅದೇ ಎಂಸಿಎ. ರೆಕಾರ್ಡ್ ಮಾಡಲು ಬಾರದ ತಟ್ಟೆಯನ್ನು ಮಾರಬೇಕೆಂದಿದ್ದ ಸಂಸ್ಥೆಗೆ ರೆಕಾರ್ಡ್ ಮಾಡುವ ಯಂತ್ರ ಬೇಡವಾಗಿತ್ತು. 1984ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 5-4ರ ಬಹುಮತದಿಂದ ಸೋನಿಯ ಪರ ತೀರ್ಪು ಕೊಟ್ಟಿತು. ಅಷ್ಟು ಹೊತ್ತಿಗೆ ಮನೆಗಳಲ್ಲಿ ಟೇಪ್ ಯಂತ್ರ ನೆಲೆ ಊರಿತ್ತು.

ಹೀಗಿದ್ದರೂ ರೆಕಾರ್ಡಿಂಗ್ ಒಂದೇ ಕಾರಣ ಎಂಬುದನ್ನು ನಾನೂ ಒಪ್ಪುವುದಿಲ್ಲ. ಅಮೆರಿಕದ ಆರ್‌ಸಿಎ ಕಂಪನಿಯ ಸಿಇಡಿ ಎಂಬ ವಿಡಿಯೊ ತಟ್ಟೆಯ ಕಥೆಯನ್ನು ಯಾರಾದರೂ ಹೇಳದೆ ಈ ಚರ್ಚೆ ಪೂರ್ಣವಾಗುವುದಿಲ್ಲ.

ಕುಶಾಲನಗರದ ಅಧ್ಯಾಪಕಿ:
ನಾನು ಹೇಳುತ್ತೇನೆ. ನಾನು ತರಗತಿಯಲ್ಲಿ ಕೆಪಾಸಿಟರಿನ ಪಾಠ ಮಾಡುವಾಗ ಇದನ್ನೇ ಉದಾಹರಣೆಯಾಗಿ ಕೊಡುತ್ತೇನೆ. ಲೇಸರ್ ದುಬಾರಿ ಎಂದು ಆರ್‌ಸಿಎ ತಂತ್ರಜ್ಞರು ಅದನ್ನು ಬಿಟ್ಟು, ಗ್ರಾಮಫೋನಿನಂತೆ ಗೆರೆಯಲ್ಲಿ ಸಾಗುವ ಮುಳ್ಳನ್ನೇ ಆರಿಸಿಕೊಂಡರು. ತಟ್ಟೆಯ ಪ್ಲಾಸ್ಟಿಕ್ಕಿಗೆ ಇಂಗಾಲ ಬೆರೆಸಿ ವಿದ್ಯುತ್ ಹರಿಯುವಂತೆ ಮಾಡಿದರು, ಮುಳ್ಳಿನ ಒಂದು ಮೈಗೆ ಟೈಟಾನಿಯಂ ಲೇಪಿಸಿದರು. ಗೆರೆಯ ತಳದ ಏರಿಳಿತಕ್ಕೆ ತಕ್ಕಂತೆ ಮುಳ್ಳಿಗೂ ತಟ್ಟೆಗೂ ನಡುವಿನ ಕೆಪಾಸಿಟನ್ಸ್, ಅಂದರೆ ವಿದ್ಯುತ್ತಿನ ಆವೇಶ ಹಿಡಿದಿಡುವ ಸಾಮರ್ಥ್ಯ, ಬದಲಾಗುತ್ತಿತ್ತು, ಆ ಅತಿಸೂಕ್ಷ್ಮ ಬದಲಾವಣೆಯೇ ಚಿತ್ರವಾಗಿ ಹೊರಬರುತ್ತಿತ್ತು. ಎಲ್‌ಪಿ ರೆಕಾರ್ಡಿನ ಒಂದು ಗೆರೆಯ ಅಗಲದಲ್ಲಿ ಈ ತಟ್ಟೆಯ ಸುಮಾರು 38 ಗೆರೆಗಳು ಹಿಡಿಯುತ್ತವೆ ಎಂದರೆ ಅದನ್ನು ಅಚ್ಚು ಹಾಕುವ ಕಷ್ಟ ಎಷ್ಟಿತ್ತೆಂದು ಊಹಿಸಿ. ಧೂಳು, ಬೆರಳಿನ ಗುರುತು ತಾಗಬಾರದೆಂದು ತಟ್ಟೆಯನ್ನು ಸದಾ ಪ್ಲಾಸ್ಟಿಕ್ ಕವಚದೊಳಗೇ ಇಡುತ್ತಿದ್ದರು. ಕವಚವನ್ನು ಯಂತ್ರದೊಳಗೆ ತೂರಿಸಿ ಹೊರಗೆಳೆದರೆ ತಟ್ಟೆ ಮಾತ್ರ ಒಳಗೆ ಉಳಿಯುತ್ತಿತ್ತು.

ಕೆಲಸ ಶುರುವಾದದ್ದು 1964ರಲ್ಲಿ, ಯಂತ್ರ ಅಂಗಡಿಗೆ ಬಂದದ್ದು 1981ರ ಮಾರ್ಚ್ 22ರಂದು. ಬೆಲೆ 499.95 ಡಾಲರ್. ನಿಮಿಷಕ್ಕೆ 450 ಸುತ್ತು, ಒಂದು ಬದಿಗೆ 60 ನಿಮಿಷ. ಮೊದಲ ವರ್ಷ 2,00,000 ಯಂತ್ರ ಮಾರುವ ನಿರೀಕ್ಷೆ ಇತ್ತು, ಹೋದದ್ದು ಸುಮಾರು ಅರ್ಧದಷ್ಟು. 1984ರ ಏಪ್ರಿಲ್‌ನಲ್ಲಿ ಯಂತ್ರಗಳ ತಯಾರಿಕೆ ನಿಲ್ಲಿಸುವುದಾಗಿ ಕಂಪನಿ ಪ್ರಕಟಿಸಿತು. ನಷ್ಟ 58 ಕೋಟಿ ಡಾಲರ್. ಎರಡು ವರ್ಷದ ನಂತರ ಆರ್‌ಸಿಎಯನ್ನೇ ಜನರಲ್ ಎಲೆಕ್ಟ್ರಿಕ್ ಕೊಂಡುಕೊಂಡಿತು.

ಪೊನ್ನಂಪೇಟೆ ವಿದ್ಯಾರ್ಥಿ:
ಮುಳ್ಳಿನ ತಂತ್ರಜ್ಞಾನವೇ ಹಳೆಯದು. ಸವೆಯುವ ತಟ್ಟೆ ಸೋಲದೆ ಇನ್ನೇನಾಗುತ್ತದೆ ಟೀಚರ್?

ಕುಶಾಲನಗರದ ಅಧ್ಯಾಪಕಿ:
ಅಷ್ಟು ಸುಲಭವಾಗಿ ತಳ್ಳಿಹಾಕಬೇಡಪ್ಪ. ಲೇಸರ್ ಇದ್ದ ತಟ್ಟೆಯೂ ಆ ಕಾಲದಲ್ಲಿ ಮಾರುಕಟ್ಟೆಯನ್ನು ಗೆಲ್ಲಲಿಲ್ಲ ಎಂಬುದನ್ನು ನೆನಪಿಡು. ಆರ್‌ಸಿಎಗೆ ಹೊಡೆತ ಕೊಟ್ಟದ್ದು ಕಾಲ. 1977ರಲ್ಲಿ ಅದೇ ಕಂಪನಿ ಜಪಾನಿನ ಮತ್ಸುಷಿತಾ ತಯಾರಿಸಿದ ವಿಎಚ್‌ಎಸ್ ಎಂಬ ಬಗೆಯ ಕ್ಯಾಸೆಟ್ ಯಂತ್ರಗಳನ್ನು ತನ್ನ ಹೆಸರಿನಲ್ಲಿ ಮಾರಲು ಆರಂಭಿಸಿತು. ನಾಲ್ಕು ವರ್ಷ ಟೇಪನ್ನು ಮನೆಮನೆಗೆ ಮುಟ್ಟಿಸಿ, ಆಮೇಲೆ ಅದಕ್ಕಿಂತ ಕಡಿಮೆ ಕೆಲಸ ಮಾಡುವ ತಟ್ಟೆಯನ್ನು ತಂದರೆ ಯಾರು ಕೊಳ್ಳಬೇಕು? ಹತ್ತು ವರ್ಷ ಮೊದಲೇ ಬಂದಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತೆಂದು ನಾನು ದೃಢವಾಗಿ ನಂಬಿದ್ದೇನೆ. ಅಗ್ಗದ ತಟ್ಟೆಯನ್ನು ಜನ ಕೊಂಡು ಇಟ್ಟುಕೊಳ್ಳುತ್ತಾರೆ ಎಂಬುದು ಅವರ ಲೆಕ್ಕವಾಗಿತ್ತು. ಅಷ್ಟರಲ್ಲಿ ಅಲ್ಲಿಯೂ ಕ್ಯಾಸೆಟ್ ಬಾಡಿಗೆ ಅಂಗಡಿಗಳು ಬೇರೂರಿದ್ದವು. ಈ ಅಂಶದಲ್ಲಿ ವಿರಾಜಪೇಟೆಯವರ ಮಾತು ಅಮೆರಿಕಕ್ಕೂ ಸಲ್ಲುತ್ತದೆ.

ಅಮ್ಮತ್ತಿಯ ನಿವೃತ್ತ ನಾವಿಕ:
ನಮ್ಮ ಕೊಡಗಿಗೆ ಏಕೆ ಬರಲಿಲ್ಲ ಎಂಬ ಪ್ರಶ್ನೆಗೆ ಅನುಭವದ ಉತ್ತರ ನನ್ನಲ್ಲಿದೆ. ನಾನು ಹಡಗಿನಲ್ಲಿದ್ದಾಗ ಜಪಾನಿನಿಂದ ಒಂದು ಲೇಸರ್‌ಡಿಸ್ಕ್ ಪ್ಲೇಯರ್ ಮತ್ತು ಕೆಲವು ತಟ್ಟೆಗಳನ್ನು ತಂದೆ. ಮನೆಗೆ ಬಂದ ಮೇಲೆ ಮೊದಲ ಅಡ್ಡಿ ಎದುರಾದದ್ದು ಪ್ಲಗ್ಗಿನ ಬಳಿ. ಅಲ್ಲಿಯ ವಿದ್ಯುತ್ತು 100 ವೋಲ್ಟ್, ನಮ್ಮದು 230. ಅದಕ್ಕೆ ಟ್ರಾನ್ಸ್‌ಫಾರ್ಮರ್ ಕಟ್ಟಿಸಿದೆ. ಆಮೇಲೆ ಟಿವಿಯಲ್ಲಿ ಚಿತ್ರ ಮೇಲಿನಿಂದ ಕೆಳಕ್ಕೆ ಓಡತೊಡಗಿತು. ಜಪಾನಿನ ಎನ್‌ಟಿಎಸ್‌ಸಿ ಎಂಬ ಟಿವಿ ಪದ್ಧತಿಯಲ್ಲಿ ಚಿತ್ರಕ್ಕೆ 525 ಗೆರೆ, ನಮ್ಮ ಪಾಲ್ ಪದ್ಧತಿಯಲ್ಲಿ 625. ಟಿವಿಯ ಗುಂಡಿ ತಿರುಗಿಸಿ ಚಿತ್ರವನ್ನು ನಿಲ್ಲಿಸಿದರೆ ಬಣ್ಣವೇ ಇಲ್ಲ. ಆದರೂ ಕಪ್ಪುಬಿಳುಪಿನಲ್ಲಿ ಕಂಡ ಆ ಚಿತ್ರದ ಸ್ಪಷ್ಟತೆಯನ್ನು ನಾನು ಯಾವ ಕ್ಯಾಸೆಟ್ಟಿನಲ್ಲಿಯೂ ಕಂಡಿರಲಿಲ್ಲ. ಇರುವ ತಟ್ಟೆಗಳನ್ನೆಲ್ಲ ನೋಡಿ ಮುಗಿದ ಮೇಲೆ ಹೊಸದು ಎಲ್ಲಿಂದ ತರುವುದು? ಕ್ಯಾಸೆಟ್ ಆದರೆ ಗೋಣಿಕೊಪ್ಪದಲ್ಲಿಯೇ ಸಿಗುತ್ತಿತ್ತು. ನಮ್ಮ ಜಿಲ್ಲೆಯಲ್ಲಿ ಸೇನೆಯಲ್ಲಿ, ಹಡಗಿನಲ್ಲಿ, ಕೊಲ್ಲಿ ದೇಶಗಳಲ್ಲಿ ದುಡಿದವರು ಬಹಳ ಮಂದಿ ಇದ್ದಾರೆ, ಅವರು ವಿಸಿಆರ್‌ಗಳನ್ನು ತಂದರು. ಊರಿನಲ್ಲಿ ಕ್ಯಾಸೆಟ್ ಹೊಂದಿಸಿಕೊಳ್ಳುವ ದಾರಿ ಇದ್ದುದೇ ಅದಕ್ಕೆ ಕಾರಣ.

ಮಡಿಕೇರಿಯ ರೇಡಿಯೊ ಮೇಷ್ಟ್ರು:
ನಾವಿಕರು ಸ್ಪಷ್ಟತೆಯ ಬಗ್ಗೆ ಹೇಳಿದ್ದು ಅಳತೆಗೂ ಒಪ್ಪುತ್ತದೆ. ಅಡ್ಡಲಾಗಿ ಎಣಿಸುವ ವಿವರದ ಗೆರೆಗಳು ವಿಎಚ್‌ಎಸ್‌ನಲ್ಲಿ ಸುಮಾರು 240, ಲೇಸರ್‌ಡಿಸ್ಕಿನಲ್ಲಿ 400ಕ್ಕಿಂತ ಮೇಲೆ.

ಭಾಗಮಂಡಲದ ಕೇಳುಗ:
ಡಿಜಿಟಲ್ ಆದ್ದರಿಂದ ಸ್ಪಷ್ಟವಾಗಿಯೇ ಇರುತ್ತದೆ.

ನಾಪೋಕ್ಲಿನ ಎಂಜಿನಿಯರು:
ಇಲ್ಲ, ದಯವಿಟ್ಟು ಇದನ್ನು ಫಲಕದಲ್ಲಿ ಹಾಗೆ ಬರೆಯಬೇಡಿ. ಲೇಸರ್‌ಡಿಸ್ಕಿನ ಚಿತ್ರ ಅನಲಾಗ್. ತಟ್ಟೆಯಲ್ಲಿ ಗುಳಿಗಳು ಇರುವುದು ನಿಜ, ಆದರೆ ಆ ಗುಳಿಗಳ ಉದ್ದ ಮತ್ತು ಅಂತರ ನಿರಂತರವಾಗಿ ಬದಲಾಗುತ್ತ ಎಫ್‌ಎಂ ಸಂಕೇತವನ್ನು ಹೊತ್ತಿರುತ್ತವೆ. ಅವು ಸೊನ್ನೆ ಒಂದರ ಲೆಕ್ಕವಲ್ಲ. ಡಿಜಿಟಲ್ ಧ್ವನಿಯನ್ನು 1980ರ ದಶಕದ ನಡುವೆ ಸೇರಿಸಿದರು, ಚಿತ್ರ ಕೊನೆಯವರೆಗೂ ಅನಲಾಗ್ ಆಗಿಯೇ ಉಳಿಯಿತು. ಫಿಲಿಪ್ಸ್‌ನವರು ಈ ತಟ್ಟೆಯಿಂದ ಕಲಿತ ಲೇಸರ್ ಓದುವಿಕೆಯನ್ನೇ ಧ್ವನಿಗೆ ಅಳವಡಿಸಿ, ಸೋನಿಯೊಡನೆ ಕೂಡಿ ಸಿಡಿಯನ್ನು ರೂಪಿಸಿದರು. ಅದು 1982ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತು. ಆದ್ದರಿಂದ ಲೇಸರ್‌ಡಿಸ್ಕ್ ಸೋತಿತು ಎಂದು ಬರೆಯುವವರ ಬಗ್ಗೆ ನನಗೆ ತೀವ್ರವಾದ ಆಕ್ಷೇಪ ಇದೆ. ಸೋತ ತಂತ್ರಜ್ಞಾನದ ಮೇಲೆ ಮುಂದಿನ ಮೂವತ್ತು ವರ್ಷದ ಸಂಗೀತ, ಸಿನಿಮಾ, ಕಂಪ್ಯೂಟರ್ ಸಂಗ್ರಹ ನಿಲ್ಲಲು ಸಾಧ್ಯವೇ?

ಸೋಮವಾರಪೇಟೆಯ ಬೆಳೆಗಾರ:
ಮಗ ಗೆದ್ದ ಎಂದು ತಂದೆಯೂ ಗೆದ್ದ ಎನ್ನಲಾಗುವುದಿಲ್ಲ. ಅಂಗಡಿಯಲ್ಲಿ ಮಾರಾಟವಾಗದಿದ್ದರೆ ಅದು ಸೋಲೇ.

ನಾಪೋಕ್ಲಿನ ಎಂಜಿನಿಯರು:
ಮಾರಾಟದ ಲೆಕ್ಕವನ್ನೇ ನೋಡೋಣ. 2009ರ ಜನವರಿಯಲ್ಲಿ ಪಯೊನಿಯರ್ ಇನ್ನು 3,000 ಯಂತ್ರಗಳನ್ನು ತಯಾರಿಸಿ ನಿಲ್ಲಿಸುವುದಾಗಿ ಪ್ರಕಟಿಸಿದಾಗ, ಜಗತ್ತಿನಲ್ಲಿ ಒಟ್ಟು 1.68 ಕೋಟಿ ಲೇಸರ್‌ಡಿಸ್ಕ್ ಯಂತ್ರಗಳು ಮಾರಾಟವಾಗಿದ್ದವು. ಜಪಾನಿನಲ್ಲಿ ಕರೋಕೆ ಹಾಡುವ ಅಂಗಡಿಗಳು ಅದನ್ನು ಪೊರೆದವು, ಏಕೆಂದರೆ ಬೇಕಾದ ಹಾಡಿಗೆ ಕ್ಷಣದಲ್ಲಿ ಹೋಗುವುದು ಟೇಪಿನಿಂದ ಸಾಧ್ಯವಿರಲಿಲ್ಲ. ಕೊಡಗಿಗೆ ಬರಲಿಲ್ಲ ಎಂಬ ಕಾರಣಕ್ಕೆ ಅದು ಎಲ್ಲಿಯೂ ಬಾಳಲಿಲ್ಲ ಎನ್ನಬೇಡಿ ಅಣ್ಣ.

ವಿರಾಜಪೇಟೆಯ ಕ್ಯಾಸೆಟ್ ಅಂಗಡಿಯವರು:
ಮಳೆಗಾಲದ ವಿಷಯವನ್ನೂ ಯಾರಾದರೂ ಬರೆಯಬೇಕಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಟೇಪಿಗೆ ಬೂಷ್ಟು ಹಿಡಿಯದೆ ಇರುತ್ತದೆಯೇ? ಬಿಳಿಯ ಬೂಷ್ಟು ಟೇಪನ್ನು ಓದುವ ಹೆಡ್ಡಿಗೆ ಅಂಟಿ ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಹರಡುತ್ತಿತ್ತು. ಅನೇಕ ವಿಸಿಆರ್‌ಗಳಲ್ಲಿ ‘ಡ್ಯೂ’ ಎಂಬ ಸಣ್ಣ ದೀಪ ಇರುತ್ತಿತ್ತು. ಒಳಗಿನ ಡ್ರಮ್ಮಿನ ಮೇಲೆ ತೇವ ಕೂತಿದೆ ಎಂದು ಗೊತ್ತಾದರೆ ಯಂತ್ರ ತಾನಾಗಿಯೇ ಓಡಲು ನಿರಾಕರಿಸುತ್ತಿತ್ತು. ಬಯಲುಸೀಮೆಯ ಅಂಗಡಿಯವರಲ್ಲಿ ಹಲವರಿಗೆ ಆ ದೀಪ ಏಕೆ ಇದೆ ಎಂಬುದೇ ತಿಳಿದಿರಲಿಲ್ಲ, ನಾವು ಅದನ್ನು ಮಳೆಗಾಲದ ಉದ್ದಕ್ಕೂ ನೋಡುತ್ತಿದ್ದೆವು. ತೇವದ ದೃಷ್ಟಿಯಿಂದ ನಮ್ಮ ಊರಿಗೆ ಡಿಸ್ಕ್ ಮೊದಲೇ ಬರಬೇಕಿತ್ತು.

ಕುಶಾಲನಗರದ ಅಧ್ಯಾಪಕಿ:
ಡಿಸ್ಕಿಗೂ ತೇವ ಆಗಿಬರುವುದಿಲ್ಲ ಅಣ್ಣ. ಅಕ್ರಿಲಿಕ್ ತೇವವನ್ನು ಹೀರಿಕೊಳ್ಳುತ್ತದೆ. ಎರಡು ತಟ್ಟೆಗಳನ್ನು ಕೂಡಿಸಿದ ಅಂಟು ಸರಿಯಿಲ್ಲದಿದ್ದರೆ ಒಳಗಿನ ಅಲ್ಯೂಮಿನಿಯಂ ಆಕ್ಸೈಡ್ ಆಗಿ, ಪರದೆಯ ಮೇಲೆ ಬಣ್ಣದ ಚುಕ್ಕೆಗಳು ಮೂಡುತ್ತವೆ. ಸಂಗ್ರಾಹಕರು ಅದಕ್ಕೆ ಲೇಸರ್ ರಾಟ್ ಎನ್ನುತ್ತಾರೆ. ಆರಂಭದ ವರ್ಷಗಳಲ್ಲಿ ಅಮೆರಿಕದಲ್ಲಿ ಅಚ್ಚಾದ ತಟ್ಟೆಗಳು ಈ ದೋಷಕ್ಕೆ ಕುಖ್ಯಾತವಾಗಿದ್ದವು. ಸಿಇಡಿ ತಟ್ಟೆಗಳಿಗೂ ತೇವದಿಂದ ಮುಳ್ಳು ಹಾರುವ ತೊಂದರೆ ಇತ್ತು.

ಪೊನ್ನಂಪೇಟೆ ವಿದ್ಯಾರ್ಥಿ:
ಜೆವಿಸಿಯ ವಿಎಚ್‌ಡಿ ತಟ್ಟೆಯನ್ನು ಎಲ್ಲರೂ ಬಿಟ್ಟಿದ್ದೀರಿ. 1983ರಲ್ಲಿ ಜಪಾನಿನಲ್ಲಿ ಬಂತು, 26 ಸೆಂಟಿಮೀಟರ್ ತಟ್ಟೆ, ಕೆಪಾಸಿಟನ್ಸ್ ಪದ್ಧತಿಯೇ ಆದರೂ ಗೆರೆಗಳಿಲ್ಲ, ನಿಮಿಷಕ್ಕೆ 900 ಸುತ್ತು. ವಿಎಚ್‌ಎಸ್ ರೂಪಿಸಿದ ಕಂಪನಿಯೇ ತಟ್ಟೆಯಲ್ಲಿ ಗೆಲ್ಲಲಾಗಲಿಲ್ಲ ಎಂಬುದು ಮಕ್ಕಳಿಗೆ ಗೊತ್ತಾಗಬೇಕು.

ಗೋಣಿಕೊಪ್ಪದ ಓದುಗಿ:
ಎಲ್ಲರ ಉತ್ತರಗಳಿಗೆ ಕೃತಜ್ಞತೆಗಳು. ಟೆಡ್, ಲೇಸರ್‌ಡಿಸ್ಕ್, ಸಿಇಡಿ, ವಿಎಚ್‌ಡಿ ನಾಲ್ಕಕ್ಕೂ ಬೇರೆ ಬೇರೆ ಫಲಕ ಮಾಡುತ್ತೇವೆ. ಇನ್ನು ನಮ್ಮ ಕಡೆ ನಿಜವಾಗಿ ಬಂದ ವಿಸಿಡಿಯ ಬಗ್ಗೆ ಯಾರಾದರೂ ಬರೆಯುತ್ತೀರಾ? ಒಂದೇ ಸಿನಿಮಾಕ್ಕೆ ಎರಡು ಮೂರು ಡಿಸ್ಕ್ ಏಕೆ ಎಂದು ಮಕ್ಕಳು ಖಂಡಿತ ಕೇಳುತ್ತಾರೆ.

ವಿರಾಜಪೇಟೆಯ ಕ್ಯಾಸೆಟ್ ಅಂಗಡಿಯವರು:
ಒಂದು ವಿಸಿಡಿಯಲ್ಲಿ ಹಿಡಿಯುವುದು 74 ನಿಮಿಷ, ನಮ್ಮ ಚಿತ್ರಗಳು ಎರಡೂವರೆ ಗಂಟೆ. ಲೆಕ್ಕ ಅಷ್ಟೇ ಅಕ್ಕ. 1994ರಲ್ಲಿ ಬ್ರೆಜಿಲ್ಲಿನಲ್ಲಿ ಹಿಮ ಬಿದ್ದು ಕಾಫಿಗೆ ಬೆಲೆ ಏರಿದ ಮೇಲೆ ನಮ್ಮ ಕಡೆಯ ಅನೇಕ ಮನೆಗಳಿಗೆ ಹೊಸ ಟಿವಿ ಬಂತು, ಕೆಲವು ವರ್ಷಗಳ ನಂತರ ಅದರ ಪಕ್ಕಕ್ಕೆ ವಿಸಿಡಿ ಪ್ಲೇಯರ್ ಬಂತು. ರಿವೈಂಡ್ ಮಾಡದೆ ಕ್ಯಾಸೆಟ್ ತಂದುಕೊಡುವವರೊಡನೆ ನಡೆಯುತ್ತಿದ್ದ ವಾದ ಅಂದಿಗೆ ಮುಗಿಯಿತು, ಗೀರು ಬಿದ್ದ ಡಿಸ್ಕಿನ ವಾದ ಶುರುವಾಯಿತು.

ನಾಪೋಕ್ಲಿನ ಎಂಜಿನಿಯರು:
ವಿಸಿಡಿಯ ನಿಯಮಗಳನ್ನು 1993ರಲ್ಲಿ ಫಿಲಿಪ್ಸ್, ಸೋನಿ, ಮತ್ಸುಷಿತಾ ಮತ್ತು ಜೆವಿಸಿ ಕೂಡಿ ಗೊತ್ತುಪಡಿಸಿದವು. ಹಾಡಿನ ಸಿಡಿಯಷ್ಟೇ ಜಾಗದಲ್ಲಿ ಸಿನಿಮಾ ಹಿಡಿಸಲು ಎಂಪೆಗ್-1 ಪದ್ಧತಿಯಲ್ಲಿ ಚಿತ್ರವನ್ನು ಕುಗ್ಗಿಸಿದರು, ಪಾಲ್ ಪದ್ಧತಿಯಲ್ಲಿ ಚಿತ್ರದ ಅಳತೆ 352x288 ಚುಕ್ಕೆಗಳು. ಆದ್ದರಿಂದಲೇ ಮಳೆ, ಹೊಗೆ, ಜನಜಂಗುಳಿಯ ದೃಶ್ಯಗಳಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. 1978ರ ಲೇಸರ್‌ಡಿಸ್ಕಿನ ಚಿತ್ರ 1993ರ ವಿಸಿಡಿಗಿಂತ ಉತ್ತಮವಾಗಿತ್ತು ಎಂಬ ಒಂದು ವಾಕ್ಯವನ್ನು ನಿಮ್ಮ ಫಲಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಡಿವಿಡಿ ಬಂದದ್ದು 1996ರ ನವೆಂಬರ್‌ನಲ್ಲಿ, ಅದೂ ಮೊದಲು ಜಪಾನಿನಲ್ಲಿ.

ಸೋಮವಾರಪೇಟೆಯ ಬೆಳೆಗಾರ:
ಉತ್ತಮವಾದದ್ದು ಯಾರ ಮನೆಗೂ ಬರಲಿಲ್ಲ, ಸಾಧಾರಣವಾದದ್ದು ತೋಟದ ಕೆಲಸಗಾರರ ಲೈನ್ ಮನೆಗಳಿಗೂ ಬಂತು ಎಂಬುದನ್ನೂ ಅದರ ಕೆಳಗೆ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಸಿನಿಮಾ ನೋಡಲು ಪಟ್ಟಣಕ್ಕೆ ಬರಲಾಗದ ತೋಟದ ಕೆಲಸಗಾರರಿಗೆ ಅಗ್ಗದ ವಿಸಿಡಿ ಎಷ್ಟು ದೊಡ್ಡದಾಗಿತ್ತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾಪೋಕ್ಲಿನ ಎಂಜಿನಿಯರು:
ಇದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ.

ಅಮ್ಮತ್ತಿಯ ನಿವೃತ್ತ ನಾವಿಕ:
ಓದುಗಿಯವರೇ, ನನ್ನ ಪ್ಲೇಯರ್ ಇನ್ನೂ ಅಟ್ಟದ ಮೇಲಿದೆ. ಪ್ರದರ್ಶನಕ್ಕೆ ಕೊಡುತ್ತೇನೆ, ಟ್ರಾನ್ಸ್‌ಫಾರ್ಮರನ್ನೂ ಕೊಡುತ್ತೇನೆ. ಈಗಿನ ಟಿವಿಗಳು ಎರಡೂ ಪದ್ಧತಿಯನ್ನು ಗುರುತಿಸುವುದರಿಂದ ಬಣ್ಣವೂ ಬರಬೇಕು.

ಮಡಿಕೇರಿಯ ರೇಡಿಯೊ ಮೇಷ್ಟ್ರು:
ಇಷ್ಟು ಮಳೆಗಾಲ ಕಂಡ ಯಂತ್ರಕ್ಕೆ ನೇರವಾಗಿ ಕರೆಂಟು ಕೊಡಬೇಡಿ. ಮೊದಲು ನನ್ನ ಬಳಿ ತನ್ನಿ, ಮುಚ್ಚಳ ತೆಗೆದು ಬೆಲ್ಟು, ಕೆಪಾಸಿಟರುಗಳನ್ನು ನೋಡುತ್ತೇನೆ. ಲೆನ್ಸನ್ನು ಯಾರೂ ಬೆರಳಿನಿಂದ ಒರೆಸಬಾರದು. ತಂಗಿ, ನಿಮ್ಮ 1981ರ ತಟ್ಟೆಯ ಹೊದಿಕೆಯ ಮೇಲೆ ಎನ್‌ಟಿಎಸ್‌ಸಿ ಎಂದಿದೆಯೇ, ಪಾಲ್ ಎಂದಿದೆಯೇ ಎಂಬುದನ್ನು ನೋಡಿ ಇಲ್ಲಿ ಬರೆಯಿರಿ. ಪಾಲ್ ಎಂದಿದ್ದರೆ ಜಪಾನಿನ ಆ ಯಂತ್ರದಲ್ಲಿ ಅದು ಓಡುವುದಿಲ್ಲ.